ಗ್ಯಾಸ್ಟ್ಲಿ ಎಂದರೆ ಗ್ಯಾಸ್‌ಲೈಟು

ನಮ್ಮ ಸೂಲಿಬೆಲೆ ಕಡೆ ಇಂಗ್ಲಿಷ್ ಬಲ್ಲವರೆಂದರೆ ನನ್ನ ಸೋದರಮಾವ. ಮಿಡ್ಲ್ ಸ್ಕೂಲು ಮುಗಿಸಲಾಗದಿದ್ದರೂ ಆ ಭಾಷೆಯ ಮೇಲಿನ ಅಧಿಕಾರವನ್ನು ಅವರು ಬಿಟ್ಟುಕೊಟ್ಟಿರಲಿಲ್ಲ. ಯುದ್ಧದ ಕಾಲದಲ್ಲಿ ದೊಡ್ಡಬಳ್ಳಾಪುರದಿಂದ ಓದಿದ ಗಂಡೊಬ್ಬರು ನನ್ನನ್ನು ನೋಡಲು ಬಂದಾಗ, ಮಾತಿಗೆ ಮಾತು ಕೊಡಲಿ ಎಂದು ಮಾವನನ್ನೇ ಅವರ ಎದುರಿಗೆ ಕೂರಿಸಿದ್ದರು.

ನಾನು ಕಾಫಿಯ ಲೋಟ ಹಿಡಿದು ನಡುಮನೆಗೆ ಬಂದು ನಿಂತೆ. ಹುಡುಗ ತಲೆಯೆತ್ತಿ ನೋಡಿ, ಪಕ್ಕದ ಗೆಳೆಯನಿಗೆ ಮೆಲ್ಲಗೆ 'ಗ್ಯಾಸ್ಟ್ಲಿ' ಎಂದರು. ಗೆಳೆಯ ಕೆಮ್ಮಿದ.

ಅವರು ಹೋದ ಮೇಲೆ ಅವ್ವ ಕೇಳಿದಳು, "ಅದೇನಣ್ಣಾ ಹುಡ್ಗ ಅಂದಿದ್ದು?"

"ಗ್ಯಾಸ್‌ಲೈಟು ಅಂದ ಕಣವ್ವಾ. ಹುಡ್ಗಿ ಮುಖ ಗ್ಯಾಸ್‌ಲೈಟ್ ದೀಪದಂಗೆ ಬೆಳಗ್ತೈತೆ ಅಂತ. ಓದ್ದೋರು ಹಂಗೇ ಮಾತಾಡೋದು."

ಅದುವರೆಗೆ ಬಂದವರೆಲ್ಲ 'ಬಣ್ಣ ಕಡಿಮೆ' ಎಂದು ಉಪ್ಪಿಟ್ಟು ತಿಂದು ಎದ್ದುಹೋಗಿದ್ದ ಮುಖ ನನ್ನದು. ನನಗೆ ಹೇಳತೀರದಷ್ಟು ಸಂತೋಷವಾಯಿತು. ಕನ್ನಡಿಯನ್ನು ಸೆರಗಿನಿಂದ ಒರೆಸಿ ಒರೆಸಿ ನೋಡಿಕೊಂಡೆ. ಒಪ್ಪಿಗೆಯೂ ಬಂತು. ಹುಡುಗನ ತಂದೆಗೆ ನಮ್ಮ ಮನೆತನ ಹಿಡಿಸಿತ್ತಂತೆ. ನನ್ನ ಮುಖವನ್ನು ಅವರು ನೋಡಿಯೇ ಇರಲಿಲ್ಲ.

ಸೀಮೆಎಣ್ಣೆಗೆ ಪರದಾಡುವ ಕಾಲ. ಆದರೂ ಮಾವ ಹೊಸಕೋಟೆಯಿಂದ ಗ್ಯಾಸ್‌ಲೈಟು ತರಿಸಿ, ಧಾರೆಯ ಹೊತ್ತಿಗೆ, ಹಾಡಹಗಲಲ್ಲೇ, ನನ್ನ ಕೆನ್ನೆಯ ಪಕ್ಕ ಹಿಡಿಸಿದರು. ಮದುವಣಿಗ ಬೆವರು ಒರೆಸಿಕೊಂಡು ಮತ್ತೆ ಅದೇ ಮಾತು ಅಂದರು. ಮಾವನ ಮುಖ ಅರಳಿತು.

"ಇನ್ನೂ ಹತ್ರ ಹಿಡಿಯಪ್ಪಾ, ಅಳಿಯಂದ್ರಿಗೆ ಇಷ್ಟ" ಎಂದು ದೀಪದವನಿಗೆ ಹೇಳಿದರು.

ಗಂಡನ ಮನೆಯಲ್ಲಿ ಆ ಮಾತಿಗೆ ಬಿಡುವೇ ಇರಲಿಲ್ಲ. ಇದ್ದಿಲು ಉರಿಸಿ ಓಡಿಸುವ ಬಸ್ಸು ಗ್ಯಾಸ್ಟ್ಲಿ, ರೇಷನ್ ಅಕ್ಕಿ ಗ್ಯಾಸ್ಟ್ಲಿ, ಪೇಪರಿನಲ್ಲಿ ಬಂದ ಬಾಂಬು ಬಿದ್ದ ಊರಿನ ಚಿತ್ರವೂ ಗ್ಯಾಸ್ಟ್ಲಿ. ಮುಗ್ಗಲು ಅಕ್ಕಿಯಲ್ಲಿ ಇವರಿಗೆ ಯಾವ ಬೆಳಕು ಕಂಡಿತೋ ಎಂದು, ಅಕ್ಕಿ ಆರಿಸುತ್ತಾ ಒಂದು ದಿನ ಕೇಳಿಯೇಬಿಟ್ಟೆ.

"ಬೆಳಕಲ್ಲ ಕಣೇ. ನೋಡಿದ್ರೆ ಎದೆ ಝಲ್ ಅನ್ಬೇಕು, ಅಂಥ ಘೋರವಾದ್ದಕ್ಕೆ ಹಂಗಂತಾರೆ."

ನನ್ನ ಕೈ ಮೊರದಲ್ಲೇ ನಿಂತಿತು. ಅಷ್ಟು ನೋವು ನನಗೆ 'ಬಣ್ಣ ಕಡಿಮೆ' ಎಂದವರಿಂದಲೂ ಆಗಿರಲಿಲ್ಲ.

"ನನ್ನ ನೋಡಕ್ಕೆ ಬಂದಾಗ ಅಂದ್ರಲ್ಲ?"

ಅವರು ಸೂರಿನ ಕಡೆ ನೋಡುತ್ತಾ ಅಂದರು, "ಅದಾ? ನಿಂಗಲ್ಲ ಕಣೇ. ನಿಮ್ಮನೆ ಕಾಫಿಗೆ ಅಂದಿದ್ದು."

"ಹೌದಾ" ಎಂದು ಮತ್ತೆ ಅಕ್ಕಿ ಆರಿಸತೊಡಗಿದೆ. ಅವತ್ತು ಅವರು ಆ ಮಾತಾಡಿದಾಗ ಕಾಫಿಯ ಲೋಟ ಇನ್ನೂ ನನ್ನ ಕೈಯಲ್ಲೇ ಇತ್ತು.