ಉಜಾಉಜಾ ಅಂದರೆ ಎಷ್ಟು ಜನ

ಬಾಗಿಲು ತೆಗೆದರೆ ಪಕ್ಕದ ಮನೆಯ ಜಪಾನಿ ಹೆಂಗಸು ಎರಡೂ ಕೈಯ ಬೆರಳುಗಳನ್ನು ನನ್ನ ಮೂಗಿನ ಮುಂದೆ ಚಕಚಕ ಆಡಿಸುತ್ತ "ಉಜಾಉಜಾ, ಉಜಾಉಜಾ" ಅನ್ನುತ್ತಿದ್ದರು. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳಾದರೂ ಅಲ್ಲಿಯವರೆಗೆ ನಮ್ಮ ನಡುವೆ ಹಲೋ ಬಿಟ್ಟು ಬೇರೆ ಮಾತಿರಲಿಲ್ಲ. ಇವರಿಗೇನು ಗಾಳಿ ಸೋಕಿತಪ್ಪಾ ಎಂದುಕೊಂಡೆ. ಕೈ ಹಿಡಿದು ಎಳೆದುಕೊಂಡು ಹೋಗಿ ತಮ್ಮ ಅಡುಗೆಮನೆ ತೋರಿಸಿದರು. ಕಿಟಕಿಯಿಂದ ಇಳಿದು, ಒಲೆಯ ಪಕ್ಕ ಹಾದು, ಅಕ್ಕಿಡಬ್ಬಿಯ ಮುಚ್ಚಳದವರೆಗೂ ಇರುವೆ. ಡಬ್ಬಿಯ ಬಣ್ಣವೇ ಕಾಣದಷ್ಟು ಇರುವೆ.

ಅವನ್ನು ಕರೆಸಿದವಳು ನಾನೇ.

ಸ್ಯಾನ್ ಡಿಯೇಗೋದ ಕಾರ್ಮೆಲ್ ವ್ಯಾಲಿಗೆ ಬಂದು ಆಗ ಮೂರನೇ ವರ್ಷ. ಮೈಸೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ನಾನು ಇಲ್ಲಿ ಗಂಡನ ವೀಸಾದ ಬಾಲ. ಕೆಲಸ ಮಾಡುವ ಹಾಗಿಲ್ಲ. ಡ್ರೈವಿಂಗ್ ಎಂದರೆ ಭಯ, ಕಾರಿಲ್ಲದೆ ಹೋದರೆ ಒಂದು ಕಟ್ಟು ಕೊತ್ತಂಬರಿಯೂ ಸಿಗದ ಊರು ಇದು. ಮೈಸೂರಿನಲ್ಲಿ ಬಾಗಿಲಲ್ಲಿ ನಿಂತರೆ ಸಾಕು, ಹೂವಿನವಳು, ಹಾಲಿನವನು, ಎದುರುಮನೆಯ ಜಗಳ, ಎಲ್ಲ ತಾನಾಗಿ ಬರುತ್ತಿತ್ತು. ಇಲ್ಲಿ ಬಾಗಿಲಲ್ಲಿ ನಿಂತರೆ ಕಾಣುವುದು ಮುಚ್ಚಿದ ಗ್ಯಾರೇಜುಗಳ ಸಾಲು.

ಆ ಹೊತ್ತಿಗೆ ನನ್ನ ತಂಗಿ ಸಹನಾಳ ಮದುವೆ ಗೊತ್ತಾಗಿತ್ತು. ನಾನು ಎತ್ತಿ ಆಡಿಸಿದ ಮಗು ಅದು, ಹೋಗದೆ ಇರುವುದುಂಟೇ? ಆದರೆ ನಮ್ಮ ಪಾಸ್‌ಪೋರ್ಟಿನಲ್ಲಿದ್ದ ವೀಸಾದ ಅವಧಿ ಮುಗಿದಿತ್ತು. ಇಲ್ಲಿರಲು ಬೇರೆ ಅನುಮತಿಪತ್ರ ಇತ್ತು, ಇಲ್ಲೇ ಇದ್ದರೆ ತೊಂದರೆಯಿಲ್ಲ. ಒಮ್ಮೆ ಈ ದೇಶ ಬಿಟ್ಟರೆ ಇಂಡಿಯಾದಲ್ಲಿ ಹೊಸ ವೀಸಾ ಹಾಕಿಸಿಕೊಂಡೇ ವಾಪಸು ಬರಬೇಕು, ಕೋವಿಡ್ ಆದ ಮೇಲೆ ಅದಕ್ಕೆ ಅಪಾಯಿಂಟ್‌ಮೆಂಟೇ ಸಿಗುತ್ತಿರಲಿಲ್ಲ. ನಾಲ್ಕು ದಿನಕ್ಕೆಂದು ಹೋಗಿ ತಿಂಗಳುಗಟ್ಟಲೆ ಅಲ್ಲೇ ಸಿಕ್ಕಿಹಾಕಿಕೊಂಡವರ ಕಥೆ ಇಲ್ಲಿಯ ಕನ್ನಡದವರ ಮನೆಯ ಪ್ರತಿ ಊಟದಲ್ಲೂ ಕೇಳುತ್ತಿದ್ದೆ. ಎರಡನೇ ಕ್ಲಾಸಿನ ಮಗಳನ್ನು ಇಲ್ಲಿ ಬಿಟ್ಟು ನಾನು ಅಲ್ಲಿ ಸಿಕ್ಕಿಕೊಂಡರೆ ಏನು ಗತಿ?

ಫೋನಿನಲ್ಲಿ ಅತ್ತಾಗ ಅಮ್ಮ ಇದು ಶನಿಕಾಟ ಎಂದು ತೀರ್ಪು ಕೊಟ್ಟಳು. ಪರಿಹಾರವನ್ನೂ ಅವಳೇ ಹೇಳಿದಳು: ಶನಿವಾರ ಬೆಳಿಗ್ಗೆ ಸ್ನಾನ ಮಾಡಿ ಇರುವೆಗಳಿಗೆ ಅಕ್ಕಿಹಿಟ್ಟು, ಸಕ್ಕರೆ ಹಾಕಬೇಕು. ವಿಜ್ಞಾನದ ಟೀಚರ್ ಆಗಿದ್ದವಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಮೂರು ಶನಿವಾರ ಭಕ್ತಿಯಿಂದ ಗೋಡೆಯ ಪಕ್ಕದ ಗಿಡಗಳ ಬುಡಕ್ಕೆ ಉದುರಿಸಿದೆ. ಮೈಸೂರಿನ ಅರಳಿಕಟ್ಟೆಯ ಇರುವೆಗಳು ಕೊಟ್ಟದ್ದನ್ನು ಹೊತ್ತುಕೊಂಡು ತಮ್ಮ ಪಾಡಿಗೆ ಹೋಗುತ್ತವೆ. ಇಲ್ಲಿಯವಕ್ಕೆ ಆ ಮರ್ಯಾದೆ ಎಲ್ಲಿಂದ ಬರಬೇಕು? ಬಿಸಿಲು ಏರಿದ್ದೇ ತಡ, ದಂಡು ಕಟ್ಟಿಕೊಂಡು ಪಕ್ಕದ ಮನೆಗೇ ನುಗ್ಗಿದ್ದವು.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪಕ್ಕದ ಮನೆಯಾಕೆ, ಹೆಸರು ಕೇಕೊ, ಅರವತ್ತು ದಾಟಿದವರು, ಅಡುಗೆಕಟ್ಟೆ ಹಿಡಿದುಕೊಂಡು ನಕ್ಕರು. ವೀಸಾ ಬಂತೇ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ನಿನ್ನ ಇರುವೆಗಳು ಅಡ್ರೆಸ್ ತಪ್ಪಿವೆ ಎಂದರು. ಇಬ್ಬರೂ ವಿನೆಗರ್ ನೀರಿನಲ್ಲಿ ಅಡುಗೆಮನೆ ಒರೆಸಿದೆವು. ಅವತ್ತಿನಿಂದ ಅವರು ನನಗೆ ಕೇಕೊ ಆಂಟಿ.

ಉಜಾಉಜಾ ಎಂದರೆ ಸಣ್ಣ ಜೀವಗಳು ಲೆಕ್ಕವಿಲ್ಲದಷ್ಟು ಒಂದೆಡೆ ಸೇರಿ ಹರಿದಾಡುವುದು ಎಂದು ಆಂಟಿ ವಿವರಿಸಿದರು. ನನಗೆ ವಿವರಣೆಯೇ ಬೇಕಿರಲಿಲ್ಲ. ನಮ್ಮ ಗಿಜಿಗಿಜಿ ಅಲ್ಲವೇ ಅದು! ಇಷ್ಟು ದಿನ ಇಂಗ್ಲಿಷಿನಲ್ಲಿ ಸಪ್ಪೆಯಾಗಿ ಮಾತಾಡಿ ಬಾಯಿ ಸತ್ತಿದ್ದ ನನಗೆ ಯಾರೋ ಉಪ್ಪಿನಕಾಯಿ ನೆಕ್ಕಿಸಿದ ಹಾಗಾಯಿತು. ಎರಡೆರಡು ಸಲ ಹೇಳುವ ಇಂಥ ಮಾತು ಅವರ ಭಾಷೆಯಲ್ಲೂ ರಾಶಿ ಇವೆಯಂತೆ. ಮನೆಯಲ್ಲಿ ಬೇಕೆಂದೇ ಬಳಸತೊಡಗಿದೆ. ಸಿಂಕಿನಲ್ಲಿ ಪಾತ್ರೆ ಉಜಾಉಜಾ. ಮಗಳು "ಅಮ್ಮಾ, ಸ್ಟಾಪ್" ಎಂದು ಕಣ್ಣು ತಿರುಗಿಸುತ್ತಿದ್ದಳು.

ಒಂದು ಭಾನುವಾರ ಆಂಟಿ ತಮ್ಮ ಕಾರಿನಲ್ಲಿ ನನ್ನನ್ನು ಕರ್ನಿ ಮೆಸಾದ ಜಪಾನಿ ಅಂಗಡಿಗೆ ಕರೆದೊಯ್ದರು. ಎಷ್ಟೋ ದಿನದ ಮೇಲೆ ಭುಜಕ್ಕೆ ಭುಜ ತಾಗುವಷ್ಟು ಜನ. ಸಂತೋಷಕ್ಕೆ ಕೌಂಟರಿನ ಹುಡುಗಿಗೆ, ಇವತ್ತು ಜನ ಉಜಾಉಜಾ ಎಂದುಬಿಟ್ಟೆ. ಅವಳ ಮುಖ ಸಣ್ಣಗಾಯಿತು. ಆಂಟಿ ನನ್ನ ಮೊಣಕೈ ಹಿಡಿದು ಹೊರಗೆ ತಂದರು. ಕಾರಿನಲ್ಲಿ ಕೂತ ಮೇಲೆ ಮೆತ್ತಗೆ ಹೇಳಿದರು: ನಮಗೆ ಬೇಡವಾದದ್ದು ಕಣ್ಣಿಗೆ ಬಿದ್ದಾಗ ಆಡುವ ಮಾತು ಅದು. ಬೇಕಾದ ಜನ ಸೇರಿ ಗದ್ದಲ ಮಾಡಿದರೆ ವಾಯ್‌ವಾಯ್ ಅನ್ನಬೇಕು. ನಾನು ವಾದಿಸಿದೆ. ಸಂತೆಯೂ ಗಿಜಿಗಿಜಿ, ಮದುವೆಮನೆಯೂ ಗಿಜಿಗಿಜಿ, ನಮಗೆ ಅದರಲ್ಲಿ ಅಸಹ್ಯವೇನಿಲ್ಲ ಎಂದೆ. ಅವರು ತಲೆಯಾಡಿಸಿದರು, ಒಪ್ಪಲಿಲ್ಲ.

ಅಪಾಯಿಂಟ್‌ಮೆಂಟ್ ಸಿಗಲಿಲ್ಲ. ನಾನು ಹೋಗಲಿಲ್ಲ.

ಅಲ್ಲಿಯ ಬೆಳಗಿನ ಮುಹೂರ್ತ ಇಲ್ಲಿಗೆ ಹಿಂದಿನ ದಿನದ ಸಂಜೆ. ರೇಷ್ಮೆ ಸೀರೆ ಉಟ್ಟು, ಹೂವಿಲ್ಲದ ತಲೆಯಲ್ಲಿ ಸೋಫಾದ ಮೇಲೆ ಕೂತೆ. ಗಂಡ, ಮಗಳು ಒಂದು ಕಡೆ, ಕೇಕೊ ಆಂಟಿ ಇನ್ನೊಂದು ಕಡೆ. ಚಿಕ್ಕಪ್ಪನ ಮಗ ಅಲ್ಲಿ ಫೋನು ಹಿಡಿದಿದ್ದ. ಮಾಂಗಲ್ಯಧಾರಣೆಯ ಹೊತ್ತಿಗೆ ಎಲ್ಲರೂ ಅಕ್ಷತೆ ಹಿಡಿದು ಮುಂದಕ್ಕೆ ನುಗ್ಗಿದರು. ನನಗೆ ಕಂಡದ್ದು ಬೆನ್ನುಗಳು, ಜಡೆಗಳು, ಯಾರದೋ ಮಗುವಿನ ಕಾಲು. ಸಹನಾ ಕಾಣಲೇ ಇಲ್ಲ. ಸರೀರಪ್ಪಾ ಸ್ವಲ್ಪ ಎಂದು ಗೋಗರೆದೆ, ನಾದಸ್ವರದ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಎಲ್ಲ ಮುಗಿದ ಮೇಲೆ ಅಮ್ಮ ಫೋನು ಕೈಗೆ ತೆಗೆದುಕೊಂಡಳು. ಬೆವರಿದ್ದಳು, ಮುಖದ ತುಂಬ ಸಂತೋಷ. ನನ್ನನ್ನು ಸಮಾಧಾನ ಮಾಡಲೆಂದೇ ಹೇಳಿದಳು:

"ನೀನೇನೂ ಯೋಚ್ನೆ ಮಾಡ್ಬೇಡ ಕಣೆ. ಎಷ್ಟು ಜನ ಬಂದಿದಾರೆ ಅಂದ್ರೆ, ನೀನಿಲ್ಲ ಅನ್ನೋದೇ ಗೊತ್ತಾಗ್ಲಿಲ್ಲ."

ಒಳ್ಳೆದಾಯ್ತಮ್ಮ ಎಂದೆ. ಅವಳನ್ನು ಯಾರೋ ಕರೆದರು, ಫೋನನ್ನು ಅದೇ ಚಿಕ್ಕಪ್ಪನ ಮಗನ ಕೈಗೆ ಕೊಟ್ಟು ಹೋದಳು. ಪರದೆಯ ಮೇಲೆ ನಮ್ಮವರೆಲ್ಲ ಊಟದ ಮನೆಯ ಬಾಗಿಲಿಗೆ ಮುತ್ತಿಕೊಳ್ಳುತ್ತಿದ್ದರು. ಅಷ್ಟು ಜನರಲ್ಲಿ ಒಬ್ಬರನ್ನೂ ನನಗೆ ನೋಡಬೇಕೆನಿಸಲಿಲ್ಲ.

ಕನ್ನಡ ತಿಳಿಯದ ಆಂಟಿ ನನ್ನ ಮುಖ ನೋಡಿ, ಪರದೆಯತ್ತ ಬೆರಳು ತೋರಿಸಿ, ನಗುತ್ತ ಕೇಳಿದರು: "ವಾಯ್‌ವಾಯ್?"

"ಇಲ್ಲ ಆಂಟಿ," ಎಂದೆ. "ಉಜಾಉಜಾ."