ನೀಲವ್ವನ ಬಲಗಿವಿ

೨೦೦೪ರಲ್ಲಿ ನಾನು ಬಾಗಲಕೋಟೆಯ ನವನಗರದಲ್ಲಿ ದಂತವೈದ್ಯೆಯಾಗಿದ್ದೆ. ನನ್ನ ವಿಶೇಷ ವಿಷಯ ಪ್ರಾಸ್ಥೊಡಾಂಟಿಕ್ಸ್, ಅಂದರೆ ಹೋದ ಹಲ್ಲಿನ ಜಾಗಕ್ಕೆ ಕೃತಕ ಹಲ್ಲು ಮಾಡಿ ಕೂರಿಸುವುದು. ಕಳೆದುಹೋದ ಕಿವಿ, ಮೂಗುಗಳನ್ನು ಸಿಲಿಕೋನ್‌ನಲ್ಲಿ ಮಾಡಿಕೊಡುವುದೂ ಅದೇ ಶಾಸ್ತ್ರದ ಒಂದು ಭಾಗ. ಓದುವಾಗ ಅದರ ಪಾಠ ಕೇಳಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕೈಯಾರೆ ಮಾಡಿರಲಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ಇಳಕಲ್ಲಿನಿಂದ ನೀಲವ್ವ ಎಂಬ ಹೆಣ್ಣುಮಗಳು ದವಡೆ ಹಲ್ಲು ನೋವೆಂದು ಬಂದರು. ನಲವತ್ತೆರಡು ವರ್ಷ, ಕೈಮಗ್ಗದ ಕೆಲಸ. ತಲೆಯ ಮೇಲಿನ ಸೆರಗನ್ನು ಬಲಗೆನ್ನೆ ಮುಚ್ಚುವಂತೆ ಎಳೆದುಕೊಂಡಿದ್ದರು. ಕನ್ನಡಕಕ್ಕೆ ನೂಲು ಕಟ್ಟಿ ತಲೆಯ ಹಿಂದೆ ಬಿಗಿದಿದ್ದರು. ಕುರ್ಚಿಯಲ್ಲಿ ಒರಗಿದಾಗ ಸೆರಗು ಜಾರಿತು. ಏಳು ವರ್ಷದವರಿದ್ದಾಗ ನಾಯಿ ಕಚ್ಚಿ ಬಲಗಿವಿ ಹೋಗಿತ್ತು. ಬುಡದಲ್ಲಿ ಒಂದಿಷ್ಟು ಗಟ್ಟಿ ಗಂಟು ಮಾತ್ರ ಉಳಿದಿತ್ತು.

ಹಲ್ಲು ಕಿತ್ತಾದ ಮೇಲೂ ಅವರು ಏಳಲಿಲ್ಲ. ಮೇಜಿನ ಮೇಲಿದ್ದ ಮೇಣದ ಹಲ್ಲಿನ ಸೆಟ್ಟನ್ನು ನೋಡುತ್ತ, ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಕೇಳಿದರು:

“ಬಾಯಾರ, ಹಲ್ಲು ಮಾಡ್ತೀರಿ. ಒಂದು ಕಿವಿ ಮಾಡಾಕ ಬರ್ತೈತೇನ್ರಿ?”

ಕೈಗವಸು ತೆಗೆಯುತ್ತಿದ್ದವಳು ಅವರತ್ತ ತಿರುಗಿದೆ.

“ಚಂದ ಕಾಣಬೇಕಂತ ಅಲ್ರಿ. ಕನ್ನಡಕ ನಿಂತ್ರ ಸಾಕು.”

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಮಗ್ಗದ ಉದ್ದೆಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಒಂದೊಂದು ಎಳೆಗೂ ಕೊಂಡಿ ಹಾಕಿ ಎರಡನ್ನೂ ಜೋಡಿಸಬೇಕು. ನೀಲವ್ವ ಆ ಕೆಲಸಕ್ಕೆ ಓಣಿಯಲ್ಲೇ ಹೆಸರಾದವರು. ಕಣ್ಣು ಮಂದವಾಗಿ ಕನ್ನಡಕ ಬಂದ ಮೇಲೆ, ಬಗ್ಗಿದಾಗಲೆಲ್ಲ ಅದು ಜಾರುತ್ತಿತ್ತು, ಎಳೆಗಳು ತಪ್ಪುತ್ತಿದ್ದವು. ಜೋಡಣೆಗೆ ಕರೆಯುತ್ತಿದ್ದ ಮನೆಗಳು ಒಂದೊಂದಾಗಿ ಅವರನ್ನು ಬಿಟ್ಟಿದ್ದವು. ಇದನ್ನು ಅವರು ದೂರಿನಂತೆ ಹೇಳಲಿಲ್ಲ, ಊರಿನ ಸುದ್ದಿ ಹೇಳುವಂತೆ ಹೇಳಿದರು. ಮಾಡೋಣ ಎಂದುಬಿಟ್ಟೆ.

ಎಡಗಿವಿಯ ಅಚ್ಚು ತೆಗೆದು ಪ್ಲಾಸ್ಟರ್ ಪ್ರತಿ ಮಾಡಿದೆ. ಅದನ್ನು ಡಿಜಿಟಲ್ ಕ್ಯಾಮೆರಾದಲ್ಲಿ ಎಲ್ಲ ಕಡೆಯಿಂದಲೂ ಹಿಡಿದು, ಕನ್ನಡಿಯಲ್ಲಿ ಕಾಣುವಂತೆ ಎಡವನ್ನು ಬಲವಾಗಿ ಕಂಪ್ಯೂಟರಿನಲ್ಲಿ ತಿರುಗಿಸಿದೆ. ನಿಜವಾದ ಅಳತೆಗೆ, ಅರವತ್ತೆರಡು ಮಿಲಿಮೀಟರ್ ಉದ್ದಕ್ಕೆ, ಪ್ರಿಂಟ್ ತೆಗೆದೆ. ಅದನ್ನು ನೋಡಿ ಮೇಣದಲ್ಲಿ ಕಿವಿ ರೂಪಿಸಬೇಕು. ನಾನು ಮಾಡಿದ ಮೊದಲ ಎರಡು ಕಿವಿಗಳು ಕರಿದ ಹಪ್ಪಳದಂತಿದ್ದವು.

ಆಗ ನೆನಪಾದವರು ಬಾದಾಮಿಯ ಮೌನೇಶಪ್ಪ. ಕಲ್ಲಿನಲ್ಲಿ ಮೂರ್ತಿ ಕೆತ್ತುತ್ತಿದ್ದ, ಊರದೇವತೆಯರ ಮರದ ಮೂರ್ತಿಗಳಿಗೆ ಬಣ್ಣ ಹಚ್ಚುತ್ತಿದ್ದ ಎಪ್ಪತ್ತರ ಹಿರಿಯರು. ಹಿಂದಿನ ವರ್ಷ ನಾನೇ ಅವರಿಗೆ ಹಲ್ಲಿನ ಸೆಟ್ ಮಾಡಿಕೊಟ್ಟಿದ್ದೆ. ಹೇಳಿಕಳಿಸಿದಾಗ ಬಂದರು. ಪ್ರಿಂಟುಗಳನ್ನು ತಿರುವಿ ಮುರುವಿ ನೋಡಿದರು.

“ದೇವರ ಕಿವಿ ಕೆತ್ತೇನ್ರಿ, ಅದಕ್ಕ ಲೆಕ್ಕ ಐತಿ. ಮನಷ್ಯಾರ ಕಿವಿಗೆ ಏನ್ ಲೆಕ್ಕ?”

“ಲೆಕ್ಕ ಈ ಕಾಗದದಾಗ ಐತಿ ನೋಡ್ರಿ ಅಜ್ಜಾರ,” ಎಂದೆ.

“ಕಾಗದದಾಗ ಆಳ ಎಲ್ಲೈತ್ರಿ?”

ಹಾಗೆಂದರೂ ಮೇಣ ಕೈಗೆ ತೆಗೆದುಕೊಂಡರು. ಪ್ರಿಂಟನ್ನು ಗೋಡೆಗೆ ಅಂಟಿಸಿ, ಎಡಗೈಯ ಬೆರಳಿನಿಂದ ಪ್ಲಾಸ್ಟರ್ ಕಿವಿಯ ತಗ್ಗುದಿಣ್ಣೆಗಳನ್ನು ತಡವುತ್ತ, ಬಲಗೈಯಿಂದ ಮೇಣ ಕೆತ್ತಿದರು. ಅಂಚು ಕಾಗದದಿಂದ ಬಂತು, ಆಳ ಬೆರಳಿನಿಂದ ಬಂತು.

ಮೇಣದ ಕೆಲಸ ಅರ್ಧವಾಗಿದ್ದಾಗ ನೀಲವ್ವನ ಬಲಮಗ್ಗುಲಿನ ಫೋಟೊಗೆ, ತಿರುಗಿಸಿದ ಆ ಕಿವಿಯನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಅವರಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು.

“ಇಕಿ ನಮ್ಮವ್ವನ ಹಂಗ ಅದಾಳಲ್ರಿ!” ಎಂದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ನೋಡಿದರು.

ಹಿಂದೆ ನಿಂತಿದ್ದ ಮೌನೇಶಪ್ಪ ಪರದೆಯ ಮೇಲೆ ಕಿವಿಯ ಹಾಲೆಗೆ ಬೆರಳಿಟ್ಟರು. “ಎಡಗಿವಿ ಹಾಲಿ ಜೋತೈತಿ. ಇದು ಸಣ್ಣ ಹುಡುಗಿದಿದ್ದಂಗ ಐತಲ್ಲ?”

ಓಲೆಯ ಭಾರಕ್ಕೆ ವರ್ಷಾನುಗಟ್ಟಲೆ ಜಗ್ಗಿ ಎಡಗಿವಿಯ ತೂತು ಸೀಳಿನಂತಾಗಿತ್ತು. ಅದು ಊನವೆಂದು ನಾನು ಕಂಪ್ಯೂಟರಿನಲ್ಲಿ ಅಳಿಸಿ ನುಣುಪು ಮಾಡಿದ್ದೆ. “ನಾನ ತಿದ್ದೀನ್ರಿ,” ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

“ತಂಗಿನ್ನ ಕೇಳಿದ್ರೇನು?”

ಕೇಳಿರಲಿಲ್ಲ. ಈಗ ಕೇಳಿದೆ. ನೀಲವ್ವ ತಮ್ಮ ಎಡಗಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಯೋಚಿಸಿದರು.

“ಆ ಕಿವಿ ಇದ್ದಿದ್ರ ಅದೂ ಈಟೊತ್ತಿಗೆ ಜೋತಿರ್ತಿತ್ತಲ್ರಿ. ಎರಡೂ ಒಂದ ವಯಸ್ಸಿನವು ಇರ್ಲಿ.”

ಮೌನೇಶಪ್ಪ ಮೇಣದ ಹಾಲೆಯನ್ನು ಕೆಳಕ್ಕೆ ಎಳೆದರು.

ಮೇಣದಿಂದ ಅಚ್ಚು ಮಾಡಿ, ಅದರಲ್ಲಿ ಬಣ್ಣ ಬೆರೆಸಿದ ಸಿಲಿಕೋನ್ ತುಂಬುವುದು ಮುಂದಿನ ಹಂತ. ಬಣ್ಣವನ್ನು ನಾನು ಫೋಟೊ ನೋಡಿ ಬೆರೆಸಿದೆ. ಕಿವಿ ಬುಡದ ಗಂಟಿನ ಮೇಲೆ ಬಿಗಿಯಾಗಿ ಕೂತಿತು, ಕನ್ನಡಕವೂ ನಿಂತಿತು. ಟ್ಯೂಬ್‌ಲೈಟಿನಲ್ಲಿ ಬಣ್ಣ ಚೆನ್ನಾಗಿ ಹೊಂದಿತ್ತು. ನೀಲವ್ವ ಕೈಮುಗಿದು ಹೊರಟರು. ಮೌನೇಶಪ್ಪ ಅವರನ್ನು ವರಾಂಡಕ್ಕೆ ಕರೆದೊಯ್ದು ಬಿಸಿಲಿನಲ್ಲಿ ನಿಲ್ಲಿಸಿ ನನ್ನನ್ನು ಕೂಗಿದರು. ಹೋಗಿ ನೋಡಿದರೆ, ಕಿವಿ ಸುಣ್ಣ ಬಳಿದಂತೆ ಬೆಳ್ಳಗೆ ಕಾಣುತ್ತಿತ್ತು.

“ಇರ್ಲಿ ಬಿಡ್ರಿ, ಕನ್ನಡಕ ನಿಂತೈತಲ್ಲ,” ಎಂದರು ನೀಲವ್ವ. ನನಗೆ ನೋವಾಗದಿರಲೆಂದು ಹಾಗೆ ಹೇಳಿದರೆಂದು ಅರ್ಥವಾಗಿ, ಇನ್ನಷ್ಟು ನಾಚಿಕೆಯಾಯಿತು.

ಮೌನೇಶಪ್ಪ ಬಿಡಲಿಲ್ಲ. ನೀಲವ್ವನನ್ನು ಸೂರ್ಯನಿಗೆ ಬೆನ್ನಾಗಿ ಕೂರಿಸಿದರು. ಎಡಗಿವಿಯ ಅಂಚು ಬೆಳಕಿಗೆ ಕೆಂಪಗೆ ಹೊಳೆಯಿತು.

“ನೋಡ್ರಿ, ಕಿವಿಯೊಳಗ ಬೆಳಕು ಹಾಯ್ತೈತಿ. ಕಲ್ಲಾಗ ಹಿಂಗ ಹಾಯಂಗಿಲ್ಲ, ನನಗೂ ಗೊತ್ತಿರಲಿಲ್ಲ.”

ಅದೇ ಅಚ್ಚಿನಲ್ಲಿ ಎರಡನೆಯ ಸಲ ಕಿವಿ ಮಾಡುವಾಗ ಬಣ್ಣ ಮೌನೇಶಪ್ಪನವರೇ ಹಾಕಿದರು. ನಾನು ಸಿಲಿಕೋನಿಗೆ ಬಣ್ಣ ಬೆರೆಸಿ ಕೊಡುತ್ತಿದ್ದೆ. ಅವರು ವರಾಂಡದಲ್ಲಿ ಕೂತು, ನೀಲವ್ವನ ಎಡಗಿವಿಯನ್ನು ಮತ್ತೆ ಮತ್ತೆ ನೋಡುತ್ತ, ಅಚ್ಚಿನೊಳಗೆ ಸಣ್ಣ ಕುಂಚದಿಂದ ತೆಳುವಾಗಿ ಬಳಿಯುತ್ತಿದ್ದರು. ಬಿಸಿಲು ತಾಗುವ ಮೇಲಂಚಿಗೆ ಕಂದು, ಹಿಂಬದಿಗೆ ತಿಳಿ, ಎಲ್ಲಕ್ಕೂ ಒಳಗೆ ರಕ್ತದ ಕೆಂಪು. ಮೂರು ದಿನ ಹಿಡಿಯಿತು. ಆ ಮೂರು ದಿನವೂ ನೀಲವ್ವ ಇಳಕಲ್ಲಿನಿಂದ ಮೊದಲ ಬಸ್ಸಿಗೆ ಬಂದು ಕೂತರು. ಈ ಸಲ ಕಿವಿ ಕೂರಿಸಿದ ಕೂಡಲೇ ನಾವು ಮೂವರೂ ಮೊದಲು ಬಿಸಿಲಿಗೆ ಹೋಗಿ ನೋಡಿದೆವು. ಎರಡು ಕಿವಿಗೂ ಬಣ್ಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ನೀಲವ್ವ ಸೆರಗನ್ನು ತಲೆಯಿಂದ ಇಳಿಸಿ ಭುಜಕ್ಕೆ ಹೊದ್ದುಕೊಂಡರು.

ಐದಾರು ತಿಂಗಳ ಮೇಲೆ ಕೆಲಸದ ಮೇಲೆ ಇಳಕಲ್ಲಿಗೆ ಹೋದಾಗ ಅವರ ಓಣಿ ಹುಡುಕಿಕೊಂಡು ಹೋದೆ. ಒಂದು ಪಡಸಾಲೆಯಲ್ಲಿ ಒಬ್ಬ ಹೆಂಗಸು ಹಾಸಿನ ಮೇಲೆ ಬಗ್ಗಿ ಎಳೆ ಜೋಡಿಸುತ್ತಿದ್ದರು. ಬರಿಯ ತಲೆ, ಕಿವಿಯಲ್ಲಿ ಜುಮಕಿ.

“ನೀಲವ್ವ ಅವರ ಮನಿ ಎಲ್ಲಿ ಬರ್ತೈತ್ರಿ?” ಎಂದು ಕೇಳಿದೆ.

ಹೆಂಗಸು ತಲೆಯೆತ್ತಿ ನೋಡಿ, ನಗು ತಡೆಯಲಾಗದೆ ಬಾಯಿಗೆ ಕೈ ಅಡ್ಡ ಹಿಡಿದರು.

“ಬಾಯಾರ, ನಿಮ್ಮ ಮುಂದನ ಕುಂತೀನಲ್ರಿ!”

ನಾನು ನಿಂತದ್ದು ಅವರ ಬಲಮಗ್ಗುಲಿಗೆ. ಆ ಕಿವಿಯನ್ನು ಇಡೀ ಊರಿನಲ್ಲಿ ಗುರುತಿಸಬೇಕಾಗಿದ್ದವಳು ನಾನೊಬ್ಬಳೇ. ನಾನೇ ಗುರುತಿಸಿರಲಿಲ್ಲ.

ಆಮೇಲೆ ನಿವೃತ್ತಿಯಾಗುವವರೆಗೆ ಹನ್ನೊಂದು ಕಿವಿ, ಎರಡು ಮೂಗು ಮಾಡಿದೆ. ಯಾವುದನ್ನೂ ರೋಗಿಯನ್ನು ಕೇಳದೆ ತಿದ್ದಲಿಲ್ಲ, ಬಿಸಿಲಿನಲ್ಲಿ ನೋಡದೆ ಕೊಡಲಿಲ್ಲ. ವೃತ್ತಿ ನನಗೆ ಕಲಿಸಿದ್ದು ಇಷ್ಟೇ, ಅದೂ ತಪ್ಪು ಮಾಡಿದ ಮೇಲೆ.

ಇಳಕಲ್ಲಿನಲ್ಲಿ ಗುರುತು ಹಿಡಿಯದ ಸಂಗತಿಯನ್ನು ಆ ವಾರವೇ ಬಾದಾಮಿಗೆ ಹೋಗಿ ಮೌನೇಶಪ್ಪನವರಿಗೆ ಹೇಳಿದ್ದೆ. ಅವರು ಉಳಿ ಕೆಳಗಿಟ್ಟು ಕೈಯ ಕಲ್ಲುಪುಡಿ ಒರೆಸಿಕೊಂಡರು.

“ಐವತ್ತು ವರ್ಷ, ಮಂದಿ ನಿಂತು ನೋಡ್ಲಿ ಅಂತ ಕೆತ್ತಿದ್ನಿ,” ಎಂದರು. “ಯಾರೂ ನಿಂತು ನೋಡಬಾರ್ದು ಅಂತ ಕೆತ್ತಿದ್ದು ಇದೊಂದ ನೋಡ್ರಿ.”