ಕಟ್ ಮಾಡದ ಒಂಬತ್ತು ನಿಮಿಷ

2020ರ ಬೇಸಿಗೆ. ಹೈದರಾಬಾದಿನ ಸ್ಟುಡಿಯೋಗಳಲ್ಲಿ ಇಪ್ಪತ್ತೆಂಟು ವರ್ಷ ವಿಡಿಯೊ ಸ್ವಿಚ್ಚರ್ ನಡೆಸಿ ಊರಿಗೆ ಮರಳಿದ್ದ ನಾನು, ಶಹಾಪುರದ ಒಂದು ಸಣ್ಣ ಕೇಬಲ್ ವಾಹಿನಿಯಲ್ಲಿ ಅದೇ ಕೆಲಸಕ್ಕೆ ಕೂತಿದ್ದೆ. ಕೊರೊನಾದಿಂದ ಶಾಲೆಗಳು ಮುಚ್ಚಿದ್ದವು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದಕ್ಕೆ ಹೋಗಿತ್ತು. ಮೊಬೈಲ್ ಇಲ್ಲದ ಮಕ್ಕಳಿಗಾಗಿ ನಮ್ಮ ವಾಹಿನಿ ದಿನಾ ಬೆಳಿಗ್ಗೆ ಹನ್ನೊಂದರಿಂದ ಅರ್ಧ ಗಂಟೆ ಗಣಿತದ ಪಾಠವನ್ನು ನೇರಪ್ರಸಾರ ಮಾಡತೊಡಗಿತು.

ಸ್ವಿಚ್ಚರ್ ಎಂದರೆ ಎರಡು ಸಾಲು ಗುಂಡಿಗಳಿರುವ ಒಂದು ಮಣೆ. ಕೆಳಗಿನ ಸಾಲಿನಲ್ಲಿ ಮುಂದೆ ತೋರಿಸಬೇಕಾದ ಕ್ಯಾಮೆರಾ ಆರಿಸಿದರೆ ಅದರ ಚಿತ್ರ ಪ್ರಿವ್ಯೂ ಪರದೆಗೆ ಬರುತ್ತದೆ. ಸರಿ ಅನಿಸಿದರೆ ಕಟ್ ಗುಂಡಿ ಒತ್ತಬೇಕು. ಒತ್ತಿದ ಕ್ಷಣದಿಂದ ಅದೇ ಪ್ರೋಗ್ರಾಂ, ಅಂದರೆ ಮನೆಮನೆಯ ಟಿವಿಯಲ್ಲಿ ಕಾಣುವ ಚಿತ್ರ. ನಮ್ಮಲ್ಲಿ ಮೂರು ಕ್ಯಾಮೆರಾ ಇದ್ದವು. ಒಂದು ಟೀಚರ ಮುಖಕ್ಕೆ, ಒಂದು ಇಡೀ ಕೋಣೆಗೆ, ಮೂರನೆಯದು ಪೈಪಿಗೆ ಕಟ್ಟಿ ಮೇಲಿನಿಂದ ಮೇಜಿನ ಮೇಲಿನ ಹಾಳೆಯನ್ನು ತೋರಿಸುವುದಕ್ಕೆ.

ಪಾಠ ಮಾಡುತ್ತಿದ್ದವರು ಶಾಂತಾ ಟೀಚರ್. ಸಗರದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯವರು, ರಂಗಂಪೇಟೆಯಿಂದ ಸ್ಕೂಟಿಯಲ್ಲಿ ಬರುತ್ತಿದ್ದರು. ಮೊದಲ ದಿನ ನಾನು ನನ್ನ ಕೈಚಳಕವನ್ನೆಲ್ಲ ತೋರಿಸಿದೆ. ಏಳೆಂಟು ಸೆಕೆಂಡಿಗೊಂದು ಕಟ್. ಹೊಗಳಿಕೆ ಬರುತ್ತದೆಂದು ಕಾದಿದ್ದವನಿಗೆ ಮರುದಿನ ಟೀಚರ್ ಸರಿಯಾಗಿ ಜಂಭ ಇಳಿಸಿದರು.

"ಸರ್, ನೀವು ಹಾಳಿ ತೋರ್ಸಿ ತಟ್ಟನ ತಗದುಬಿಡ್ತೀರಿ. ನಮ್ಮ ಮಕ್ಕಳು ಇನ್ನಾ ಬರಕೋತ ಇರ್ತಾವ."

"ಒಂದೇ ಚಿತ್ರ ಇಟ್ರ ನೋಡೋರಿಗೆ ಬ್ಯಾಸರ ಆಗ್ತದ್ರಿ, ಟೀಚರ್."

"ಆಗ್ಲಿ ಬಿಡ್ರಿ. ಬ್ಯಾಸರ ಆದ್ರೂ ಪಾಸ್ ಆಗ್ತಾವ."

ಅವರ ಲೆಕ್ಕ ಬೇರೆಯೇ ಇತ್ತು. ತರಗತಿಯ ಹನ್ನೊಂದು ಮಕ್ಕಳು ಗಣಿತದಲ್ಲಿ ಹಿಂದೆ, ಯಾರ ಮನೆಯಲ್ಲೂ ಮೊಬೈಲ್ ಇಲ್ಲ. ಅವರಲ್ಲಿ ಸಗರದ ಯಲ್ಲಮ್ಮನ ಚಿಂತೆ ಟೀಚರಿಗೆ ಹೆಚ್ಚು. ಈ ಸಲ ಫೇಲಾದರೆ ಓದು ಬಿಡಿಸುವುದೆಂದು ಅವಳ ಮನೆಯಲ್ಲಿ ತೀರ್ಮಾನವಾಗಿತ್ತು. ಅಂಥವರಿಗೆ ಟೀಚರ್ ರಚನೆ, ನಕ್ಷೆ, ಒಂದೆರಡು ಪ್ರಮೇಯಗಳನ್ನು ಕೈಗೆ ಕೂರುವವರೆಗೆ ಮಾಡಿಸುತ್ತಿದ್ದರು. ಅಷ್ಟು ಬಂದರೆ ಪಾಸಾಗುವಷ್ಟು ಅಂಕ ಖಾತ್ರಿ, ಮೇಷ್ಟ್ರುಗಳ ಭಾಷೆಯಲ್ಲಿ ಇದಕ್ಕೆ ಪಾಸಿಂಗ್ ಪ್ಯಾಕೇಜ್ ಎನ್ನುತ್ತಾರೆ. ಕೊನೆಗೆ ನಮ್ಮಿಬ್ಬರ ನಡುವೆ ಒಂದು ಒಪ್ಪಂದವಾಯಿತು. ಅವರು ಪೆನ್ಸಿಲ್ ಕೆಳಗಿಡುವವರೆಗೆ ನಾನು ಹಾಳೆಯಿಂದ ಕದಲಬಾರದು. ಒಪ್ಪಿದೆ, ಆದರೆ ಒಳಗೊಳಗೇ ಮೂಗು ಮುರಿದೆ.

ಪರೀಕ್ಷೆಗೆ ಕೆಲವೇ ದಿನ ಇದ್ದಾಗ ರಚನೆಯ ಪಾಠ ಬಂತು. ಹೊರಗಿನ ಬಿಂದುವಿನಿಂದ ವೃತ್ತಕ್ಕೆ ಸ್ಪರ್ಶಕ ಎಳೆಯುವುದು. ಟೀಚರ್ ವೃತ್ತ ಎಳೆದು, ದೂರದಲ್ಲಿ ಬಿಂದು ಗುರುತಿಸಿ, ಅದನ್ನು ವೃತ್ತದ ಕೇಂದ್ರಕ್ಕೆ ಗೆರೆಯಿಂದ ಸೇರಿಸಿದರು. ಎರಡನೇ ಹೆಜ್ಜೆಗೆ, ಆ ಗೆರೆಯನ್ನು ಅರ್ಧಿಸುವ ಕಂಸಗಳನ್ನು ಎಳೆಯಲು, ಕೈವಾರ ಎತ್ತಿದ್ದರಷ್ಟೇ, ಮೂರನೇ ಕ್ಯಾಮೆರಾ ಸತ್ತಿತು. ಪ್ರೋಗ್ರಾಂ ಪರದೆ ಕಪ್ಪಾಯಿತು.

ಅಭ್ಯಾಸಬಲದಿಂದ ಬೆರಳು ಒಂದನೇ ಕ್ಯಾಮೆರಾಕ್ಕೆ ಹಾರಿತು. ಕಪ್ಪು ಹೋಯಿತು, ಟೀಚರ ಬಾಗಿದ ತಲೆ ಬಂತು. ಸ್ಟುಡಿಯೋ ಲೆಕ್ಕದಲ್ಲಿ ನಾನು ಪಾರಾಗಿದ್ದೆ. ಆದರೆ ಕೈವಾರ ತಿರುಗುತ್ತಿತ್ತು, ಅದು ಯಾವ ಮಗುವಿಗೂ ಕಾಣುತ್ತಿರಲಿಲ್ಲ. ತಲೆ ಬಗ್ಗಿಸಿದ ಟೀಚರಿಗೆ ಇದರ ಸುದ್ದಿಯೇ ಇಲ್ಲ.

ಎರಡನೇ ಕ್ಯಾಮೆರಾದಲ್ಲಿದ್ದವನು ದೇವಿಂದ್ರಪ್ಪ, ಮದುವೆ ವಿಡಿಯೊ ಮಾಡುವವನು. ತಾಳಿ ಕಟ್ಟುವ ಹೊತ್ತಿಗೆ ನೆಂಟರ ತಲೆಗಳ ಮೇಲಿಂದ ಚಿತ್ರ ಹಿಡಿಯಲು ಕುರ್ಚಿ ಹತ್ತುವುದು ಅವನ ಕಸುಬು. ಸ್ಟುಡಿಯೋದಲ್ಲೂ ಹಾಗೇ ಕ್ಯಾಮೆರಾ ಹೆಗಲಿಗೇರಿಸಿ ಓಡಾಡುತ್ತಾನೆಂದು ನಾನು ಅವನನ್ನು ಎಷ್ಟೋ ಸಲ ಬೈದಿದ್ದೆ. ಹೆಡ್‌ಸೆಟ್ಟಿನಲ್ಲಿ ಅವನ ದನಿ ಕೇಳಿತು.

"ಸರ್, ಸ್ಟ್ಯಾಂಡಿನಿಂದ ಬಿಚ್ಚೀನಿ. ಟೀಚರ್ ಹಿಂದ ಸ್ಟೂಲ್ ಮ್ಯಾಲ ನಿಂದರ್ತೀನಿ. ತಗೋರಿ."

ಪ್ರಿವ್ಯೂದಲ್ಲಿ ಚಿತ್ರ ಮೂಡಿತು. ಸ್ವಲ್ಪ ಅಲುಗಾಟ, ಒಂದು ಮೂಲೆಯಲ್ಲಿ ಟೀಚರ ಹೆಗಲು. ಮಿಕ್ಕಂತೆ ಹಾಳೆ, ಗೆರೆ, ಕೈವಾರದ ಮುಳ್ಳು ಎಲ್ಲ ಸ್ಪಷ್ಟ. ಕಟ್ ಒತ್ತಿದೆ. ಅಷ್ಟರಲ್ಲಿ ಕಂಸಗಳೆರಡೂ ಮುಗಿದು ಟೀಚರ್ ಮೂರನೇ ಹೆಜ್ಜೆಯಲ್ಲಿದ್ದರು.

ಪ್ರಸಾರದಲ್ಲಿ ನಾನು ಕೂರುವ ಕಂಟ್ರೋಲ್ ರೂಮಿನ ದನಿ ಕೇಳಿಸಬಾರದು. ಇದು ನಮ್ಮ ಕಸುಬಿನ ಮೊದಲ ಶಿಸ್ತು, ಅಲ್ಲಿಯವರೆಗೆ ನಾನದನ್ನು ಒಮ್ಮೆಯೂ ಮುರಿದಿರಲಿಲ್ಲ. ರಿಹರ್ಸಲ್‌ಗೆಂದು ಟೀಚರ ಕೋಣೆಯಲ್ಲಿ ಇಟ್ಟಿದ್ದ ಸ್ಪೀಕರಿನ ಗುಂಡಿ ಒತ್ತಿ ಹೇಳಿಬಿಟ್ಟೆ.

"ಟೀಚರ್, ಎರಡನೇ ಹೆಜ್ಜೆ ಟಿವ್ಯಾಗ ಕಾಣಿಸಿಲ್ರಿ."

ಟೀಚರ್ ತಲೆ ಎತ್ತಿ ನನ್ನನ್ನು ಹುಡುಕಲಿಲ್ಲ, ತಡಬಡಿಸಲಿಲ್ಲ. "ಆಯ್ತ್ರಿ. ಮಕ್ಕಳೇ, ಬರ್ದಿದ್ದು ಅಳಿಸಬ್ಯಾಡ್ರಿ. ಹೊಸಾ ಹಾಳಿ ತಗೋರಿ, ಮೊದಲಿಂದ ಮಾಡೋಣು," ಎಂದು ಹಾಳೆ ತಿರುವಿದರು. ಅವರ ದನಿ ಒಂದಿಷ್ಟೂ ಬದಲಾಗಿರಲಿಲ್ಲ. ನನ್ನ ಕಾಲದ ಹೆಸರಾಂತ ನಿರೂಪಕರು ಇದಕ್ಕಿಂತ ಸಣ್ಣ ಎಡವಟ್ಟಿಗೆ ಕಂಗಾಲಾಗಿದ್ದನ್ನು ನೋಡಿದ್ದೇನೆ. ಆ ಹೆಣ್ಣುಮಗಳ ಬಗ್ಗೆ ಅಂದು ಹುಟ್ಟಿದ ಗೌರವ ಇಂದಿಗೂ ಹಾಗೇ ಇದೆ.

ಹನ್ನೊಂದೂವರೆಯಾಯಿತು. ವಾಹಿನಿಯ ಮಾಲೀಕರು ಬಾಗಿಲಲ್ಲಿ ನಿಂತು, "ಟೈಮ್ ಆತ್ರಿ, ಕಟ್ ಮಾಡ್ರಿ," ಎಂದರು.

"ಟೀಚರ್ ಇನ್ನಾ ಪೆನ್ಸಿಲ್ ಇಟ್ಟಿಲ್ರಿ," ಎಂದೆ.

ಅವರು ಪರದೆ ನೋಡಿ ಅಲ್ಲೇ ನಿಂತರು. ಒಟ್ಟು ಒಂಬತ್ತು ನಿಮಿಷ ಒಂದೇ ಚಿತ್ರ. ಸ್ಟೂಲಿನ ಮೇಲೆ ದೇವಿಂದ್ರಪ್ಪ ಕ್ಯಾಮೆರಾವನ್ನು ಹೆಗಲಿಗೆ ಒತ್ತಿಹಿಡಿದು ನಿಂತಿದ್ದ. ಎರಡು ಸ್ಪರ್ಶಕಗಳೂ ಮೂಡಿದವು. ಟೀಚರ್ ಕೈ ಹಿಂದೆಳೆದುಕೊಂಡು ಮಕ್ಕಳು ಬರೆದುಕೊಳ್ಳಲೆಂದು ಸುಮ್ಮನೆ ಕಾದರು, ನಾನೂ ಕಾದೆ. ಪೆನ್ಸಿಲ್ ಕೆಳಗಿಟ್ಟ ಮೇಲೆ ಕಟ್ ಒತ್ತಿದೆ. ದೇವಿಂದ್ರಪ್ಪ ಇಳಿದಾಗ ಅವನ ಹೆಗಲು ಮುಟ್ಟಿದರೆ ನೋಯುವಂತಿತ್ತು. ಹಿಂದೆ ಬೈದದ್ದಕ್ಕೆಲ್ಲ ಅವನಲ್ಲಿ ಕ್ಷಮೆ ಕೇಳಿದೆ.

ಫಲಿತಾಂಶ ಬಂದ ವಾರ ಟೀಚರ್ ಸ್ಟುಡಿಯೋಗೆ ಬಂದು ನನ್ನ ಮುಂದೆ ಒಂದು ನೋಟ್‌ಬುಕ್ ಇಟ್ಟರು. "ಯಲ್ಲಮ್ಮಂದ್ರಿ. ಪಾಸ್ ಆಗ್ಯಾಳ. ಇದನ್ನ ನಿಮಗ ತೋರಸ್ಬೇಕು ಅನಿಸ್ತು."

ಒಂದು ಪುಟದಲ್ಲಿ ವೃತ್ತ, ಬಿಂದು, ಒಂದು ಗೆರೆ. ಕೆಳಗೆ ದುಂಡು ಅಕ್ಷರಗಳಲ್ಲಿ, ಅದೂ ಪಾಠದ ಭಾಗವೆಂಬಂತೆ, ಹುಡುಗಿ ಬರೆದುಕೊಂಡಿದ್ದಳು: 'ಎರಡನೇ ಹೆಜ್ಜೆ ಟಿವ್ಯಾಗ ಕಾಣಿಸಿಲ್ರಿ.' ಮುಂದಿನ ಪುಟದಲ್ಲಿ ರಚನೆ ಪೂರ್ತಿಯಾಗಿತ್ತು, ಒಂದು ಕಂಸವೂ ತಪ್ಪಿರಲಿಲ್ಲ.

ಅಷ್ಟು ವರ್ಷ ನಾನು ನನ್ನ ಮುಂದಿನ ಪರದೆಗಳನ್ನಷ್ಟೇ ನೋಡಿಕೊಂಡು ಕೆಲಸ ಮಾಡಿದ್ದೆ. ಆ ಕಡೆ ಒಬ್ಬಳು ನಾವು ಕೊಟ್ಟದ್ದನ್ನೆಲ್ಲ ಒಂದಕ್ಷರ ಬಿಡದೆ ನಂಬಿ ಬರೆದುಕೊಳ್ಳುತ್ತಾ ಕೂತಿರುತ್ತಾಳೆ ಎಂಬುದು ನನಗೆ ಗೊತ್ತಾದದ್ದು ನೌಕರಿಯ ಕೊನೆಯಲ್ಲಿ.